ಟೇಪಮ್ಮ ಅಳತೆಗೆ ಹೊರಟಿದ್ದು

"ಅಮ್ಮಾ, ಟೇಪಜ್ಜಿ ಯಾಕೆ ಬಾಯಿ ಮುಚ್ಕೊಂಡೇ ನಗ್ತಾರೆ?"

ಐದು ವರ್ಷದ ಪುಟ್ಟಿ ಕೇಳಿದ್ದು ತನ್ನ ಅಮ್ಮನನ್ನೇ. ಆದರೆ ಕೇಳಿದ ಜಾಗ ಹೊಲಿಗೆಯಂಗಡಿಯ ನಟ್ಟನಡುವೆ, ಟೇಪಜ್ಜಿಯ ಮೊಣಕೈಯಿಂದ ಒಂದು ಗೇಣು ದೂರ. ದನಿಯೂ ಎದುರು ಸಾಲಿನ ಅಂಗಡಿಗಳಿಗೆ ಮುಟ್ಟುವಂಥದ್ದು. ಮಗಳ ಶಾಲೆಯ ಅಂಗಿಯ ಉದ್ದ ಬಿಡಿಸಲೆಂದು ಇಳಿದು ಬಂದಿದ್ದ ತಾಯಿಗೆ, ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

"ಹಾಗೆಲ್ಲ ಕೇಳ್ಬಾರ್ದು ಕಣೇ" ಎಂದು ಮಗಳ ತೋಳು ಜಗ್ಗಿದಳು.

"ಕೇಳ್ಲಿ ಬಿಡು. ಇಡೀ ಬೀದಿ ಇಷ್ಟು ವರ್ಷ ಮನಸ್ಸಲ್ಲೇ ಕೇಳ್ಕೊಂಡಿದ್ದನ್ನ ಇವಳು ಬಾಯ್ಬಿಟ್ಟು ಕೇಳಿದ್ಲು. ಬಾರೇ ಇಲ್ಲಿ."

ಟೇಪಜ್ಜಿ ಬಗ್ಗಿ, ಮೇಲ್ತುಟಿಯನ್ನು ಬೆರಳಿನಿಂದ ಎತ್ತಿ ತೋರಿಸಿದರು. ಮುಂದಿನ ಹಲ್ಲೊಂದು ಓರೆಯಾಗಿ ಅರ್ಧಕ್ಕೆ ಮುರಿದಿತ್ತು.

"ಇದನ್ನ ಮುರಿದಿದ್ದು ಒಂದು ಚಮಚ."

"ಚಮಚಾನ ಯಾಕೆ ಕಚ್ಚಿದ್ರಿ?"

"ನಾನೆಲ್ಲಿ ಕಚ್ಚಿದೆ? ಅದೇ ಬಂದು ನನ್ನ ಕಚ್ತು."

ಪುಟ್ಟಿಗೆ ಅಷ್ಟು ಉತ್ತರ ಸಾಕಾಯಿತು. ಗುಂಡಿಗಳ ಡಬ್ಬಿಯ ಕಡೆ ನಡೆದಳು. ಅವಳ ಅಮ್ಮನಿಗೆ ಸಾಲದಾಯಿತು. ಉಳಿದದ್ದನ್ನು ಟೇಪಮ್ಮ ಅವತ್ತೇ, ಅಂಗಿಯ ಅಂಚು ಬಿಚ್ಚುತ್ತ ಬಿಚ್ಚುತ್ತ ಹೇಳಿ ಮುಗಿಸಿದರು.

ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿರುವುದರಿಂದ ಬೀದಿಗೆಲ್ಲ ಅವರು ಟೇಪಮ್ಮ. ಅಂಗಡಿಯ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಪುಟ್ಟಿಯ ತಾಯಿಗೆ ಮಾತ್ರ ದೊಡ್ಡಮ್ಮ. ಆ ತಾಯಿಗೆ ಇಪ್ಪತ್ತೊಂಬತ್ತು ತುಂಬಿದ್ದರೂ ಟೇಪಮ್ಮನ ಬಾಯಲ್ಲಿ ಅವಳಿನ್ನೂ ಮಹಡಿ ಹುಡುಗಿ.

ಚಮಚದ ಕತೆ ಮೂವತ್ಮೂರು ವರ್ಷ ಹಳೆಯದು. ಟೇಪಮ್ಮನಿಗೆ ಆಗ ಇಪ್ಪತ್ತೊಂದು. ಪಕ್ಕದ ಊರಿನ ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಮೊದಲ ದಿನಕ್ಕೆಂದು ಬಸ್ಸು ಹತ್ತಿದ್ದರು. ಅರ್ಧ ದಾರಿಯಲ್ಲಿ ಫಿಟ್ಸ್ ಬಂತು. ಚಿಕ್ಕಂದಿನಿಂದಲೂ ಬರುತ್ತಿದ್ದದ್ದೇ, ಆದರೆ ಅಲ್ಲಿಯವರೆಗೆ ಮನೆಯ ಗೋಡೆಗಳ ನಡುವೆ ಮಾತ್ರ ಬಂದಿತ್ತು. ಎಚ್ಚರವಾದಾಗ ರಸ್ತೆಯ ಬದಿಯಲ್ಲಿ ಮಲಗಿದ್ದರು. ಕಣ್ಣಿಗೆ ಕಂಡದ್ದು ಸುತ್ತ ನಿಂತವರ ಚಪ್ಪಲಿ, ಬೂಟುಗಳಷ್ಟೇ. ನಾಲಿಗೆ ಕಚ್ಚಿಕೊಂಡಾಳು ಎಂದು ಯಾರೋ ಪುಣ್ಯಾತ್ಮರು ಹಲ್ಲುಗಳ ನಡುವೆ ಚಮಚ ತುರುಕಿದ್ದರು. ಒಳ್ಳೆಯದನ್ನು ಮಾಡಲಿಕ್ಕೇ ಹೋಗಿದ್ದರು, ಪಾಪ. ಹಲ್ಲು ಹೋದದ್ದಕ್ಕಿಂತ, ಆ ಬೂಟುಗಳಲ್ಲಿ ಒಂದು ಜೊತೆಯೂ ಗುರುತಿನವರದ್ದಲ್ಲ ಎನ್ನುವುದೇ ಅವರನ್ನು ಹೆಚ್ಚು ಹೆದರಿಸಿತು. ಆಮೇಲೆ ಅವರು ಬಸ್ಸು ಹತ್ತಲಿಲ್ಲ. ಕಾಲು ಎಷ್ಟು ದೂರ ಒಯ್ಯುತ್ತದೋ ಅಷ್ಟೇ ಅವರ ಲೋಕವಾಯಿತು: ಅಂಗಡಿ, ಅದರ ಹಿಂದಿನ ಒಂದು ಕೋಣೆ, ತರಕಾರಿ ಕಟ್ಟೆ, ಬ್ಯಾಂಕು, ಆಸ್ಪತ್ರೆ.

ಆ ಅಂಗಡಿಯನ್ನು ಒಮ್ಮೆ ನೋಡಬೇಕು. ಬಟ್ಟೆ ಕತ್ತರಿಸುವ ಮೇಜಿನ ನಾಲ್ಕೂ ಮೂಲೆಗಳಿಗೆ ಹತ್ತಿ ತುಂಬಿದ ಟೋಪಿಗಳಿವೆ. ಕಿಟಕಿಯ ಕಟ್ಟೆಗೆ ಮೆತ್ತನೆಯ ಅಂಚು. ಕಪಾಟಿನ ಚೂಪು ತುದಿಗಳಿಗೆ ಪುಟ್ಟ ಪುಟ್ಟ ತೋಳುಗಳು, ಅದೂ ಸುಮ್ಮನೆ ಸುತ್ತಿದ್ದಲ್ಲ, ಅಳತೆ ತೆಗೆದು ಹೊಲಿದು ಗುಂಡಿ ಹಾಕಿದ್ದು. ಹೊಲಿಗೆ ಮೆಷಿನ್ ಹಳೆಯ ಕಾಲ್ತುಳಿತದ್ದು. ಕಾಲು ನಿಂತರೆ ಸೂಜಿಯೂ ನಿಲ್ಲಬೇಕು, ಅದಕ್ಕೇ ಕರೆಂಟಿನದು ಬೇಡ. ಇಸ್ತ್ರಿ ಪೆಟ್ಟಿಗೆ ಬಿಸಿಯಾಗುವುದು ಅಂಗಡಿಯಲ್ಲಿ ಇನ್ನೊಬ್ಬರಿದ್ದಾಗ ಮಾತ್ರ. ಗುಂಡುಸೂಜಿಯನ್ನು ತುಟಿಯಲ್ಲಿ ಹಿಡಿದದ್ದನ್ನು ಯಾರೂ ಕಂಡಿಲ್ಲ. ಹೊಸ ಗಿರಾಕಿಗಳು ಮೂಲೆಗಳ ಟೋಪಿ ನೋಡಿ ಚಂದವಿದೆ ಅನ್ನುತ್ತಾರೆ. ಟೇಪಮ್ಮ ಬಾಯಿ ಮುಚ್ಚಿಕೊಂಡು ನಗುತ್ತಾರೆ.

ಅವರಿಗಿರುವವಳು ಒಬ್ಬಳೇ ತಂಗಿ, ಎಂಟು ವರ್ಷಕ್ಕೆ ಚಿಕ್ಕವಳು. ತಾಯಿ ಹೋದಾಗ ತಂಗಿಗೆ ಒಂಬತ್ತು. ಅಂದಿನಿಂದ ಅಕ್ಕನೇ ಅಮ್ಮ. ಗಿರಾಕಿಗಳ ಅಳತೆ ಬರೆಯುವ ಉದ್ದನೆಯ ಪುಸ್ತಕದಲ್ಲಿ ಮೊದಲ ಪುಟವೇ ತಂಗಿಯದು. ಒಂಬತ್ತನೇ ವರ್ಷದ ಭುಜ ಹನ್ನೊಂದು ಇಂಚು. ಕೆಳಗೆ ವರ್ಷಕ್ಕೊಂದು ಸಾಲು. ಹನ್ನೆರಡರಲ್ಲಿ ಒಮ್ಮೆಗೇ ಮೂರು ಇಂಚು ಉದ್ದವಾದದ್ದು, ಹದಿನೈದರಲ್ಲಿ ಕಾಯಿಲೆ ಬಿದ್ದು ಸೊಂಟ ಇಳಿದದ್ದು, ಮತ್ತೆ ತುಂಬಿಕೊಂಡದ್ದು, ಎಲ್ಲ ಅಲ್ಲಿದೆ. ತಂಗಿ ಮದುವೆಯಾಗಿ ಸಮುದ್ರದಾಚೆಯ ಚಳಿಯ ದೇಶಕ್ಕೆ ಹೋದ ಮೇಲೆ ಸಾಲುಗಳು ವಿರಳವಾದವು. ಕೊನೆಯ ಸಾಲು ಅವಳು ಕೊನೆಯ ಸಲ ಬಂದು ಹೋದ ದಿನದ್ದು. ಅದಕ್ಕೀಗ ಒಂಬತ್ತು ವರ್ಷ.

ಆ ಸಾಲನ್ನು ನೋಡಿಕೊಂಡೇ ಟೇಪಮ್ಮ ವರ್ಷಕ್ಕೊಂದು ತುಂಬುತೋಳಿನ ಅಂಗಿ ಹೊಲಿದು ಅಂಚೆಗೆ ಹಾಕುತ್ತಾರೆ. ಕಾಜಗಳನ್ನು ಕೈಯಲ್ಲೇ ಹೊಲಿಯುತ್ತಾರೆ, ಆ ಕೆಲಸ ಆದಷ್ಟು ನಿಧಾನವಾಗಲಿ ಎಂದು. ಅಂಗಿ ತಲುಪಿದ ದಿನ ತಂಗಿಯ ಫೋನು ಬರುತ್ತದೆ: "ಅಳೆದು ಹೊಲಿದ ಹಾಗಿದೆ ಅಕ್ಕಾ."

ತಂಗಿ ಬರುವುದು ನಿಂತದ್ದು ಬೇಕೆಂದಲ್ಲ. ಮೊದಲು ಅವಳ ಕೆಲಸ ಬಿಡುವು ಕೊಡಲಿಲ್ಲ. ಎರಡೂವರೆ ವರ್ಷದ ಹಿಂದೆ ಅವಳ ಗಂಡನಿಗೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಹೋದವು. ಹಾಸಿಗೆಯಿಂದ ಎಬ್ಬಿಸಿ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಎಲ್ಲಕ್ಕೂ ಅವಳೇ. "ಬಿಟ್ಟು ಬರೋ ಹಾಗಿಲ್ಲ ಅಕ್ಕಾ" ಎನ್ನುವಳು. "ಬಾ ಅಂತ ನಾನೆಲ್ಲಿ ಅಂದೆ, ಅವರನ್ನ ನೋಡ್ಕೋ" ಎನ್ನುವರು ಇವರು. ಹಾಗೆ ಹೇಳಿದ ದಿನವೆಲ್ಲ ಮೆಷಿನ್ ಸ್ವಲ್ಪ ಜೋರಾಗಿಯೇ ಓಡುತ್ತಿತ್ತು ಎಂದು ಮಹಡಿಯ ಮೇಲಿನ ನೆಲವೇ ಹೇಳಬಲ್ಲದು.

ಈ ವರ್ಷದ ಅಂಗಿ ತಲುಪಿದ ದಿನ ಟೇಪಮ್ಮನ ಫೋನು ಕೆಟ್ಟಿತ್ತು. ಮಹಡಿ ಹುಡುಗಿ ತನ್ನ ಫೋನಿನಲ್ಲಿ ವೀಡಿಯೋ ಕರೆ ಮಾಡಿಕೊಟ್ಟಳು. ತಂಗಿಯ ಮುಖವನ್ನಷ್ಟೇ ಅಲ್ಲ, ಅವಳನ್ನು ಇಡಿಯಾಗಿ ಟೇಪಮ್ಮ ನೋಡಿದ್ದು ವರ್ಷಗಳ ನಂತರ ಅಂದೇ. ಅವಳು ಫೋನನ್ನು ಯಾವುದಕ್ಕೋ ಒರಗಿಸಿಟ್ಟು, ಹಿಂದೆ ಸರಿದು, ಹೊಸ ಅಂಗಿಯಲ್ಲಿ ನೆಟ್ಟಗೆ ನಿಂತಳು.

"ನೋಡಕ್ಕಾ. ಅಳೆದು ಹೊಲಿದ ಹಾಗಿದೆ."

"ಹೂಂ" ಅಂದರು ಟೇಪಮ್ಮ. "ಒಂಚೂರು ತಿರುಗು."

"ಸಾಕು ಬಿಡು, ಇವರಿಗೆ ಮಾತ್ರೆ ಕೊಡ್ಬೇಕು" ಎಂದು ತಂಗಿ ಕ್ಯಾಮೆರಾ ಮುಚ್ಚಿದಳು.

ಕರೆ ಮುಗಿದ ಮೇಲೂ ಟೇಪಮ್ಮ ಕಪ್ಪಾದ ಗಾಜನ್ನೇ ನೋಡುತ್ತ ಕುಳಿತರು. "ತುಂಬ ಚೆನ್ನಾಗಿದೆ ದೊಡ್ಡಮ್ಮ, ಅವರಿಗೆ ಒಪ್ಪುತ್ತೆ" ಅಂದಳು ಹುಡುಗಿ.

"ನಿನಗೆ ಕಂಡಿಲ್ಲ. ಭುಜದ ಹೊಲಿಗೆ ತೋಳಿನ ಮೇಲೆ ಕೂತಿತ್ತು. ಎರಡು ಬೆರಳು ಕೆಳಗೆ ಜಾರಿದೆ. ಸೊಂಟದ ಹತ್ರ ಬಟ್ಟೆ ಹಿಂದಕ್ಕೆ ಎಳೆದಿತ್ತು, ಬೆನ್ನಿಗೆ ಪಿನ್ನು ಚುಚ್ಕೊಂಡಿದ್ದಾಳೆ. ಅದಕ್ಕೇ ತಿರುಗ್ಲಿಲ್ಲ." ಕೊರಳಿನ ಟೇಪನ್ನು ತೆಗೆದು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಕರಗಿ ಹೋಗಿದ್ದಾಳೆ ಕಣೇ. ನಾನು ಇಲ್ಲಿ ಯಾರಿಗೆ ಹೊಲೀತಿದ್ದೀನೋ, ಅವಳು ಅಲ್ಲಿ ಇಲ್ಲವೇ ಇಲ್ಲ."

ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಟೇಪಮ್ಮ ಎದ್ದರು.

"ಪಾಸ್‌ಪೋರ್ಟ್ ಮಾಡಿಸೋಕೆ ಏನೇನು ಬೇಕು?"

ಕಾಗದಪತ್ರದ ಕೆಲಸಗಳು ಹುಡುಗಿಯ ಕೈಗೆ ಬಂದವು. ಎಲ್ಲದಕ್ಕೂ ಟ್ಯಾಕ್ಸಿ, ಟೇಪಮ್ಮ ಕಣ್ಣು ಮುಚ್ಚಿ, ಹುಡುಗಿಯ ಕೈ ಹಿಡಿದು ಕೂರುತ್ತಿದ್ದರು. ಫೋಟೋದವನು, "ಅಮ್ಮಾ, ಪಾಸ್‌ಪೋರ್ಟಿಗೆ ನಗಬಾರದು, ಬಾಯಿ ಮುಚ್ಚಿರಬೇಕು" ಅಂದಾಗ, "ಅದರ ತಾಲೀಮು ಮೂವತ್ಮೂರು ವರ್ಷದಿಂದ ನಡೀತಿದೆ, ನೀನು ಹೊಡಿ" ಅಂದರು. ತಂಗಿಯ ಆಮಂತ್ರಣ ಪತ್ರ ಬಂತು, ಮೂರು ವಾರಗಳ ಪ್ರವಾಸಕ್ಕೆ ವೀಸಾ ಬಂತು, ಟಿಕೆಟ್ ಬಂತು. ಮಧ್ಯೆ ಎಲ್ಲೂ ಇಳಿದು ಹತ್ತುವುದಿಲ್ಲದ, ನೇರ ಹತ್ತು ಗಂಟೆಯ ವಿಮಾನವನ್ನೇ ಹುಡುಗಿ ಹುಡುಕಿದ್ದಳು. ಟಿಕೆಟ್ ಕೈಗೆ ಬಂದ ಮೇಲೆ ನಿಜವಾದ ಹೆದರಿಕೆ ಶುರುವಾಯಿತು.

ಸಾಯುವ ಹೆದರಿಕೆಯಲ್ಲ ಅದು. ತನ್ನ ಅಂಗಡಿಯಲ್ಲಿ ಬೀಳಬಹುದಾದ ಪ್ರತಿ ಜಾಗವೂ ಟೇಪಮ್ಮನಿಗೆ ಗೊತ್ತು, ಎಲ್ಲದಕ್ಕೂ ಟೋಪಿ ಹೊಲಿದಾಗಿದೆ. ವಿಮಾನಕ್ಕೆ ಹೊಲಿದವರು ಯಾರು? ಸುತ್ತ ಮತ್ತೆ ಗುರುತಿಲ್ಲದ ಬೂಟುಗಳು. ಅವುಗಳ ಭಾಷೆಯೂ ಗೊತ್ತಿಲ್ಲ. 'ಚಮಚ ಬೇಡ' ಎಂದು ಹೇಳಲು ಆಗ ಬಾಯಿ ತನ್ನ ವಶದಲ್ಲಿರುವುದಿಲ್ಲ. ಮಾತ್ರೆ ಎಲ್ಲೋ ಕಳೆದುಹೋದರೆ? ಪೆಟ್ಟಿಗೆ ಒಂದು ಊರಿಗೆ, ತಾನು ಇನ್ನೊಂದು ಊರಿಗೆ ಹೋದರೆ?

ಹೆದರಿಕೆಯಾದಾಗ ಬೇರೆಯವರು ಅಳುತ್ತಾರೆ, ಉಣ್ಣುವುದು ಬಿಡುತ್ತಾರೆ. ಟೇಪಮ್ಮ ಹೊಲಿಯುತ್ತಾರೆ. ಸೊಂಟಕ್ಕೆ ಸುತ್ತಿಕೊಳ್ಳುವ ಪಟ್ಟಿಯೊಂದನ್ನು ಹೊಲಿದರು. ಇಪ್ಪತ್ತೊಂದು ದಿನ, ದಿನಕ್ಕೆರಡು ಮಾತ್ರೆ, ಒಟ್ಟು ನಲವತ್ತೆರಡು ಪುಟಾಣಿ ಕಿಸೆಗಳು. ಬೆಳಗಿನದಕ್ಕೆ ಹಳದಿ ದಾರ, ಸಂಜೆಯದಕ್ಕೆ ನೀಲಿ. ಮಾತ್ರೆಯ ಹಾಳೆ ದಪ್ಪ, ಅಂಗಿಯ ಕೆಳಗೆ ಉಬ್ಬಿ ಕಾಣುತ್ತದೆ ಎಂದು, ಒಂದೊಂದೇ ಮಾತ್ರೆಯನ್ನು ಹಾಳೆಯಿಂದ ಬಿಡಿಸಿ ಕಿಸೆಯೊಳಗಿಟ್ಟು, ಬೀಳದಂತೆ ಬಾಯಿಗೆ ಕಚ್ಚಾ ಹೊಲಿಗೆ ಹಾಕಿ ಮುಚ್ಚಿದರು. ಖಾಲಿ ಹಾಳೆ, ಡಬ್ಬಿ ಎಲ್ಲ ಕಸಕ್ಕೆ ಹೋಯಿತು. ನಾಲ್ಕು ದಿನ ಇದೇ ಕೆಲಸ, ಆ ದಿನಗಳ ಮಾತ್ರೆಯನ್ನೂ ಅಭ್ಯಾಸವಾಗಲಿ ಎಂದು ಪಟ್ಟಿಯಿಂದಲೇ ಬಿಚ್ಚಿ ನುಂಗಿ, ಆ ಕಿಸೆಗೆ ಹೊಸದನ್ನು ತುಂಬುತ್ತಿದ್ದರು. ನಿದ್ದೆ ಎನ್ನುವುದು ಹೆಸರಿಗೆ.

ಐದನೆಯ ದಿನ ಬೆಳಗ್ಗೆ, ಪುಟ್ಟಿಯನ್ನು ಶಾಲೆಗೆ ಬಿಟ್ಟು ಬಂದ ಹುಡುಗಿಗೆ ಟೇಪಮ್ಮ ಪಟ್ಟಿಯನ್ನು ಕಟ್ಟಿ ತೋರಿಸುತ್ತಿದ್ದರು. ಮಾತು ನಡುವೆ ನಿಂತಿತು. ಕಣ್ಣು ಒಂದು ಕಡೆ ನೆಟ್ಟಿತು. ಹುಡುಗಿ ಕೈ ಚಾಚುವಷ್ಟರಲ್ಲಿ ಅವರು ಮೇಜಿನ ಪಕ್ಕ ಕುಸಿದಿದ್ದರು. ಮೂಲೆಯ ಟೋಪಿ ತನ್ನ ಕೆಲಸ ಮಾಡಿತು.

ಎಚ್ಚರವಾದಾಗ ತಲೆಯ ಕೆಳಗೆ ಮಡಿಚಿದ ಬಟ್ಟೆಯಿತ್ತು. ಹುಡುಗಿ ನೆಲದ ಮೇಲೆ ಪಕ್ಕದಲ್ಲೇ ಕುಳಿತಿದ್ದಳು. ಟೇಪಮ್ಮ ಸೊಂಟದ ಪಟ್ಟಿಯನ್ನು ತಡವಿ ಬಿಚ್ಚಿದರು.

"ಟಿಕೆಟ್ ವಾಪಸ್ ಮಾಡ್ಬಿಡು" ಅಂದರು. "ನನ್ನ ಕೈಲಿ ಆಗಲ್ಲ."

"ಮೊದಲು ಡಾಕ್ಟರನ್ನ ನೋಡೋಣ" ಅಂದಳು ಹುಡುಗಿ. "ಅವರು ಬೇಡ ಅಂದ್ರೆ ವಾಪಸ್ ಮಾಡ್ತೀನಿ, ಮಾತಾಡಲ್ಲ."

ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಪಟ್ಟಿಯನ್ನು ಕೈಗೆತ್ತಿಕೊಂಡರು. ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಕೆಲಸ ಬಹಳ ನಾಜೂಕಾಗಿದೆ. ಇದನ್ನ ಕಟ್ಟಿಕೊಂಡು ತಪಾಸಣೆಗೆ ನಿಂತಿದ್ರೆ ನಿಮ್ಮನ್ನ ಅಲ್ಲೇ ಕೂರಿಸ್ತಿದ್ರು. ಹೆಸರಿಲ್ಲದ ನಲವತ್ತೆರಡು ಬಿಳಿ ಮಾತ್ರೆ, ಅದೂ ಹೊಟ್ಟೆಗೆ ಹೊಲ್ಕೊಂಡು." ಒಂದು ಕಿಸೆಯ ದಾರವನ್ನು ಕತ್ತರಿಯಿಂದ ಬಿಡಿಸಿದರು. ಮಾತ್ರೆ ಗಾಳಿಯ ತೇವಕ್ಕೆ ಬೆವರಿ, ಬಟ್ಟೆಗೆ ಅಂಟಿಕೊಂಡಿತ್ತು. "ನೋಡಿ. ಇದಕ್ಕೆ ಹಾಳೆಯೊಳಗಿದ್ದರೇ ಆಯಸ್ಸು. ಈ ನಾಲ್ಕು ದಿನ ಇದನ್ನೇ ತಿಂದ್ರಾ?"

"ಒಂದೊಂದು ಸಲ ಅರ್ಧ ಬಟ್ಟೆಗೇ ಅಂಟಿರ್ತಿತ್ತು" ಎಂದು ಟೇಪಮ್ಮ ತಲೆ ತಗ್ಗಿಸಿದರು. ಐವತ್ನಾಲ್ಕರ ಈ ವಯಸ್ಸಿನವರೆಗೆ ಯಾರೂ ಅವರ ಹೊಲಿಗೆಯಲ್ಲಿ ತಪ್ಪು ತೆಗೆದಿರಲಿಲ್ಲ.

"ನಿದ್ದೆ ಇಲ್ಲ, ಮಾತ್ರೆ ಅರ್ಧ. ಫಿಟ್ಸ್ ಬರದೆ ಇನ್ನೇನು ಬರುತ್ತೆ? ಹೊರಡೋಕೆ ಇನ್ನೂ ಆರು ವಾರ ಇದೆ. ಸರಿಯಾಗಿ ತಗೊಳ್ಳಿ, ಸರಿಯಾಗಿ ಮಲಗಿ. ಮತ್ತೆ ಬರದಿದ್ರೆ ಹೋಗಿಬನ್ನಿ. ಹೋಗೋ ವಾರ ನನ್ನನ್ನ ಇನ್ನೊಂದ್ಸಲ ನೋಡಿ."

ಡಾಕ್ಟರಮ್ಮ ಹೇಳುತ್ತ ಹೋದರು, ಹುಡುಗಿ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತ ಹೋದಳು. ಮಾತ್ರೆ ಅದರದ್ದೇ ಡಬ್ಬಿಯಲ್ಲಿ, ಚೀಟಿಯ ಸಮೇತ. ಬೇಕಾದ್ದಕ್ಕಿಂತ ಹೆಚ್ಚೇ ಇರಲಿ, ಎಲ್ಲ ಕೈಚೀಲದಲ್ಲೇ, ದೊಡ್ಡ ಪೆಟ್ಟಿಗೆಯಲ್ಲಲ್ಲ. ಕಾಯಿಲೆ ಏನು, ಔಷಧ ಯಾವುದು ಎಂದು ಇಂಗ್ಲಿಷಿನಲ್ಲಿ ಡಾಕ್ಟರರ ಪತ್ರ. ಪ್ರಯಾಣದ ವಿಮೆ ಮಾಡಿಸುವಾಗ ಕಾಯಿಲೆಯನ್ನು ಮುಚ್ಚಿಡುವಂತಿಲ್ಲ. ವಿಮಾನದಲ್ಲಿ ಒಂದು ಮಾತ್ರೆ ಬರುತ್ತದೆ, ನಮ್ಮ ಗಡಿಯಾರದ ಎಂಟು ಗಂಟೆಗೆ. ಅಲ್ಲಿ ಇಳಿದ ಮೇಲೆ ಹೊತ್ತು ಹೇಗೆ ಸರಿಸಬೇಕೆಂದು ಬೇರೆ ಚೀಟಿ.

"ಇನ್ನೊಂದು. ಅಲ್ಲಿ ನಿಮ್ಮನ್ನ ಕರ್ಕೊಂಡು ಹೋಗೋರಿಗೆ ಇದೆಲ್ಲ ಗೊತ್ತಿದೆ ತಾನೇ?"

ಟೇಪಮ್ಮ ತಲೆಯಾಡಿಸಿದರು. ಹೌದೆಂದೂ ಆಗಬಹುದು, ಅಲ್ಲವೆಂದೂ ಆಗಬಹುದು, ಅಂಥ ತಲೆಯಾಡಿಸುವಿಕೆ.

ಮನೆಗೆ ನಡೆದು ಬರುವ ದಾರಿಯಲ್ಲಿ ಹುಡುಗಿ ಕೇಳಿಯೇಬಿಟ್ಟಳು. "ನಿಮ್ಮ ತಂಗಿಗೆ ಗೊತ್ತಿಲ್ವಾ ದೊಡ್ಡಮ್ಮ?"

"ನಿಂತುಹೋಗಿದೆ ಅಂತ ಹೇಳಿದ್ದೀನಿ. ಆರು ವರ್ಷ ಆಯ್ತು."

"ಯಾಕೆ?"

"ಯಾಕೆ ಅಂದ್ರೆ? ಫೋನ್ ಎತ್ತಿದ್ರೆ ಮೊದಲ ಮಾತೇ 'ಬಂತಾ ಅಕ್ಕಾ?' ಅಂತ. ಬಂತು ಅಂದ್ರೆ ಅಳು, ಇಲ್ಲ ಅಂದ್ರೆ ಅನುಮಾನ. ಬೇರೆ ಮಾತೇ ಇಲ್ಲ. ಅವಳು ಏನು ತಿಂದ್ಲು, ಮಂಜು ಬಿತ್ತಾ, ಏನೂ ತಿಳೀತಿರಲಿಲ್ಲ ನನಗೆ. ನಿಂತುಹೋಯ್ತು ಕಣೇ ಅಂದೆ. ಅವತ್ತಿಂದ ಅವಳು ನನ್ನ ಹತ್ರ ತಂಗಿ ಹಾಗೆ ಮಾತಾಡಿದ್ಲು." ನಾಲ್ಕು ಹೆಜ್ಜೆ ನಡೆದು ಮತ್ತೆ ಅಂದರು: "ಈಗ ಹೇಳಿದ್ರೆ ಬರ್ಬೇಡ ಅಂತಾಳೆ. ಅವಳು ಬೇಡ ಅಂದ್ರೆ ನನಗೆ ಹೋಗೋಕಾಗಲ್ಲ. ಯಾವಾಗ್ಲೂ ಹಾಗೇ, ಅವಳು ಒಂಬತ್ತು ವರ್ಷದವಳಿದ್ದಾಗ್ಲೂ."

ಹುಡುಗಿ ಸುಮ್ಮನಾದಳು. ಒಪ್ಪಿದ್ದಕ್ಕಲ್ಲ, ಯಾವಾಗ ಮಾತಾಡಬಾರದು ಎನ್ನುವುದನ್ನು ಐದು ವರ್ಷದ ಮಗಳು ಅವಳಿಗೆ ಚೆನ್ನಾಗಿಯೇ ಕಲಿಸಿದ್ದಳು.

ಆಮೇಲಿನ ವಾರ ಇಬ್ಬರೂ ಅಂಗಡಿಯಲ್ಲಿ ಕುಳಿತು ಪಟ್ಟಿಯ ಉಳಿದ ಕಿಸೆಗಳನ್ನೆಲ್ಲ ಬಿಚ್ಚಿದರು. ಮಧ್ಯಾಹ್ನದ ಹೊತ್ತು, ಬೀದಿ ಖಾಲಿ. ಬಾಗಿಲ ಹೊಸ್ತಿಲವರೆಗೆ ಬಿಸಿಲು ಬಂದು ನಿಂತಿತ್ತು. ಟೇಪಮ್ಮ ದಾರ ಎಳೆಯುತ್ತ, ತಲೆ ಎತ್ತದೆ ಕೇಳಿದರು.

"ಅವತ್ತು ನೀನು ನೋಡಿದ್ಯಲ್ಲ. ನಾನು ಹೇಗಿರ್ತೀನಿ?"

"ಹೇಗೆ ಅಂದ್ರೆ?"

"ಫಿಟ್ಸ್ ಬಂದಾಗ. ನನ್ನ ಕಾಯಿಲೆ ನೋಡದೇ ಇರೋಳು ನಾನೊಬ್ಬಳೇ. ನಮ್ಮಮ್ಮ ಹೇಳ್ಲಿಲ್ಲ, ತಂಗಿ ಹೇಳ್ಲಿಲ್ಲ. ಕೇಳಿದ್ರೆ ಮುಖ ತಿರುಗಿಸ್ತಿದ್ರು. ಅಷ್ಟು ಘೋರವಾಗಿರುತ್ತಾ? ಸುಳ್ಳು ಹೇಳ್ಬೇಡ. ಪಕ್ಕದ ಸೀಟಿನವರಿಗೆ ನಾನು ಏನಂತ ಹೇಳ್ಲಿ?"

ಹುಡುಗಿ ಕತ್ತರಿ ಕೆಳಗಿಟ್ಟಳು. ಒಳ್ಳೆಯ ಮಾತು ಹುಡುಕಲಿಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳಿದಳು.

"ಮೊದಲು ಮಾತು ನಿಂತಿತು. ಆಮೇಲೆ ಮೈ ಸೆಟೆದುಕೊಳ್ತು, ಬಿದ್ರಿ. ಕೈಕಾಲು ಅದುರಿದವು. ಬಾಯಿಂದ ಸ್ವಲ್ಪ ಜೊಲ್ಲು ಬಂತು. ನಾನು ಪಕ್ಕಕ್ಕೆ ತಿರುಗಿಸಿ ಮಲಗಿಸಿದೆ. ಕಾಲು ಮಾತ್ರ..." ಅವಳು ತಡೆದಳು.

"ಕಾಲು?"

"ಮೆಷಿನ್ ತುಳಿಯೋ ಹಾಗೆ ಆಡ್ತಿತ್ತು. ನನಗೆ ಅಷ್ಟು ಗಾಬರೀಲೂ, ಇವರು ಇಲ್ಲೂ ಕೆಲಸ ಬಿಡ್ಲಿಲ್ವಲ್ಲ ಅನ್ನಿಸ್ತು."

ಟೇಪಮ್ಮನ ಭುಜ ಕುಲುಕತೊಡಗಿತು. ಅಳುತ್ತಿದ್ದಾರೇನೋ ಎಂದು ಹುಡುಗಿ ಬಗ್ಗಿ ನೋಡಿದಳು. ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು.

"ಎಷ್ಟು ಹೊತ್ತು?"

"ಎರಡು ನಿಮಿಷ ಹತ್ತು ಸೆಕೆಂಡು. ಗಡಿಯಾರ ನೋಡ್ತಿದ್ದೆ. ಆಮೇಲೆ ನಿದ್ದೆ ಹೋದ್ರಿ, ಗೊರಕೆ ಬೇರೆ. ಮಧ್ಯದಲ್ಲಿ ಕಣ್ಣು ಬಿಟ್ಟು 'ನನ್ನ ಕತ್ತರಿ ಯಾರು ತಗೊಂಡ್ರು' ಅಂತ ಕೇಳಿ ಮತ್ತೆ ಮಲಗಿದ್ರಿ."

"ಅಷ್ಟೇನಾ?"

"ಅಷ್ಟೇ."

ಟೇಪಮ್ಮ ಅಂಗಡಿಯ ಸುತ್ತ ಕಣ್ಣಾಡಿಸಿದರು. ಮೇಜಿನ ಟೋಪಿಗಳು, ಕಪಾಟಿನ ತೋಳುಗಳು, ಕಿಟಕಿಯ ಮೆತ್ತೆ. "ಎರಡು ನಿಮಿಷಕ್ಕೆ ಇಷ್ಟೊಂದು ಹತ್ತಿ ತುಂಬಿದ್ನಾ ನಾನು" ಅಂದರು. ಒಂದು ಕಿಸೆ ಬಿಚ್ಚಿದರು, ಇನ್ನೊಂದು ಬಿಚ್ಚಿದರು. "ಅವಳು ಚಿಕ್ಕವಳಿದ್ದಾಗ ನನಗೆ ಹೀಗಾದ್ರೆ ಮೈ ಮೇಲೆ ಬಟ್ಟೆ ಸರಿ ಮಾಡಿ, ಪಕ್ಕದಲ್ಲೇ ಮಲಗಿಬಿಡ್ತಿದ್ಲು. ಎದ್ದಾಗ ಅವಳ ಕೂದಲು ನನ್ನ ಮೂಗಿಗೆ ತಾಗ್ತಿತ್ತು. ಈಗಲೂ ಎಚ್ಚರ ಆಗೋವಾಗ ಒಂದು ಕ್ಷಣ ಅದನ್ನೇ ಹುಡುಕ್ತೀನಿ. ನಿನ್ನ ಮುಖ ಕಂಡಾಗ ಮೊದಲು ಸ್ವಲ್ಪ ಬೇಜಾರೇ ಆಯ್ತು, ತಪ್ಪು ತಿಳ್ಕೋಬೇಡ."

"ಇಲ್ಲ ದೊಡ್ಡಮ್ಮ."

"ಪಕ್ಕದ ಸೀಟಿನವರಿಗೆ ಕೊಡೋಕೆ ಒಂದು ಚೀಟಿ ಬೇಕು. ಬರಿ."

ಗಟ್ಟಿ ಕಾಗದದ ಮೇಲೆ ಇಂಗ್ಲಿಷಿನಲ್ಲೂ, ಫೋನಿನಲ್ಲಿ ಅನುವಾದ ನೋಡಿಕೊಂಡು ತಂಗಿಯ ದೇಶದ ಭಾಷೆಯಲ್ಲೂ ಹುಡುಗಿ ಬರೆದಳು: ನನಗೆ ಫಿಟ್ಸ್ ಬರಬಹುದು. ಎರಡು ಮೂರು ನಿಮಿಷದಲ್ಲಿ ನಿಲ್ಲುತ್ತದೆ. ಪಕ್ಕಕ್ಕೆ ತಿರುಗಿಸಿ ಮಲಗಿಸಿ. ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ವೈದ್ಯರನ್ನು ಕರೆಯಿರಿ. ಬಾಯಿಗೆ ಏನನ್ನೂ ಹಾಕಬೇಡಿ. ಕೊನೆಯ ಸಾಲಿನ ಕೆಳಗೆ ಗೆರೆ ಎಳೆಯಲು ಟೇಪಮ್ಮ ಹೇಳಿದರು. ಎಳೆದ ಮೇಲೆ ಇನ್ನೊಂದು ಎಳೆಯಲು ಹೇಳಿದರು.

ಆರು ವಾರ ಕಳೆಯಿತು. ಮತ್ತೆ ಬರಲಿಲ್ಲ. ಟೇಪಮ್ಮ ಹಗಲು ಹೊಲಿದರು, ಕತ್ತಲಾದ ಮೇಲೆ ಮಲಗಿದರು. ತಂಗಿಗೆಂದು ಈ ಸಲ ಏನನ್ನೂ ಹೊಲಿಯಲಿಲ್ಲ. ಆರು ಮೀಟರ್ ಉಣ್ಣೆ ಬಟ್ಟೆ, ಸೂಜಿ ದಾರ, ಗುಂಡಿಗಳನ್ನು ದೊಡ್ಡ ಪೆಟ್ಟಿಗೆಗೆ ಹಾಕಿದರು. ಅಳತೆ ಪುಸ್ತಕವನ್ನೂ ಇಟ್ಟುಕೊಂಡರು. ಅದರಲ್ಲಿ ತಂಗಿಯ ಪುಟದ ಕೆಳಗೆ ಒಂದು ಸಾಲಿಗಾಗುವಷ್ಟು ಜಾಗ ಉಳಿದಿತ್ತು.

ಹೊರಡುವ ವಾರ ಡಾಕ್ಟರಮ್ಮ ಹೋಗಿಬನ್ನಿ ಅಂದರು. ಹೊರಟ ದಿನ ಬೆಳಗ್ಗೆ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿಯಲ್ಲಿ ಮೂವರೂ ಹೋದರು. ಈ ಸಲ ಟೇಪಮ್ಮ ಕಣ್ಣು ಮುಚ್ಚಲಿಲ್ಲ. ಕಿಟಕಿಯಾಚೆ ಹಾದುಹೋಗುವ ಬಸ್ಸುಗಳನ್ನು, ಅವುಗಳೊಳಗೆ ನಿಂತು ತೂಗಾಡುವ ಜನರನ್ನು ನೋಡುತ್ತಲೇ ಇದ್ದರು. ಪುಟ್ಟಿ ಅವರ ಮಡಿಲಲ್ಲಿ ಕುಳಿತು, ವಿಮಾನದಲ್ಲಿ ಬಚ್ಚಲು ಎಲ್ಲಿರುತ್ತದೆ, ಅದು ಎಲ್ಲಿಗೆ ಬೀಳುತ್ತದೆ ಎಂದು ಕೇಳುತ್ತಿದ್ದಳು.

"ನೋಡಿ ಬಂದು ಹೇಳ್ತೀನಿ" ಅಂದರು ಟೇಪಮ್ಮ.

ನಿಲ್ದಾಣದ ಕೌಂಟರಿನ ಹೆಣ್ಣುಮಗಳಿಗೆ ಅವರೇ ಡಾಕ್ಟರರ ಪತ್ರ ಕೊಟ್ಟರು, ಅವರೇ ಚೀಟಿ ತೋರಿಸಿದರು. ಆಕೆ ಓದಿ, ಓಡಾಡುವ ದಾರಿಯ ಪಕ್ಕದ ಸೀಟು ಕೊಟ್ಟು, ವಿಮಾನದವರಿಗೆ ತಿಳಿಸುತ್ತೇನೆ ಅಂದಳು. ಮುಖದಲ್ಲಿ ಕನಿಕರವಿರಲಿಲ್ಲ, ಗಾಬರಿಯೂ ಇರಲಿಲ್ಲ. ಪೆಟ್ಟಿಗೆಯ ತೂಕ ನೋಡುವ ಮುಖದಲ್ಲೇ ಇದನ್ನೂ ನೋಡಿದಳು. ಟೇಪಮ್ಮನಿಗೆ ಅದು ತುಂಬ ಹಿಡಿಸಿತು.

ಒಳಗೆ ಹೋಗುವ ಗಾಜಿನ ಬಾಗಿಲ ಬಳಿ ಪುಟ್ಟಿಗೆ ಮುತ್ತು ಕೊಟ್ಟು ಕೆಳಗಿಳಿಸಿದರು. ಹುಡುಗಿಯ ಕಡೆ ತಿರುಗಿ, ಬಟ್ಟೆ ಕೊಡುವ ಗಿರಾಕಿಗೆ ವಾಯಿದೆ ಹೇಳುವ ದನಿಯಲ್ಲಿ ಮಾತಾಡಿದರು, ಆದರೆ ಕೈ ಮಾತ್ರ ಅವಳ ಮುಂಗೈಯನ್ನು ಬಿಟ್ಟಿರಲಿಲ್ಲ.

"ನನಗೊಂದು ಉಪಕಾರ ಮಾಡ್ತೀಯಾ?"

"ಹೇಳಿ ದೊಡ್ಡಮ್ಮ."

"ಹನ್ನೆರಡಕ್ಕೆ ನನ್ನ ವಿಮಾನ ಏರುತ್ತೆ. ಒಂದು ಗಂಟೆಗೆ ನನ್ನ ತಂಗಿಗೆ ಫೋನ್ ಮಾಡು. ಅಲ್ಲಿ ಆಗ ಬೆಳಗ್ಗೆ ಎಂಟೂವರೆ, ಅವಳ 'ಇವರ' ತಿಂಡಿ ಆಗಿರುತ್ತೆ. ನನಗೆ ಈಗಲೂ ಬರುತ್ತೆ ಅಂತ ಹೇಳು. ಆ ಎರಡು ನಿಮಿಷದ್ದೆಲ್ಲ ನನಗೆ ಹೇಳಿದ ಹಾಗೇ ಹೇಳು, ಕಾಲಿಂದೂ ಹೇಳು. ಅಳ್ತಾಳೆ, ಅಳ್ಲಿ. ನಿನಗೂ ಬೈತಾಳೆ, ಬೈಸ್ಕೋ. ಅಕ್ಕನ್ನ ವಾಪಸ್ ಕಳಿಸು ಅಂದ್ರೆ, ಮೇಲೆ ಹೋದವರನ್ನ ಇಳಿಸೋಕಾಗಲ್ಲ ಅನ್ನು. ಅವಳಿಗೆ ಇನ್ನೂ ಒಂಬತ್ತು ಗಂಟೆ ಹೊತ್ತಿರುತ್ತೆ. ನಾನು ಇಳಿಯೋಷ್ಟರಲ್ಲಿ ಎಲ್ಲ ಅತ್ತು ಮುಗಿಸಿ, ಮುಖ ತೊಳ್ಕೊಂಡು ಬಂದು ನಿಂತಿರ್ಲಿ."